ಸಂಖ್ಯೆಗಳ ಹಾರ ಪೋಣಿಸಿದ ಮಹಾವೀರಾಚಾರ್ಯ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿ, ಮಲಪ್ರಭೆಯ ದಡದ ಮೇಲೆ ಒಕ್ಕುಂದವೆಂಬ ಊರಿದೆ. ತಿರುಳ್ಗನ್ನಡದ ನೆಲೆಗಳಲ್ಲಿ ಇದೂ ಒಂದೆಂದು ಕವಿರಾಜಮಾರ್ಗವು ಹೆಸರಿಸಿದೆ. ಆ ಕೃತಿಯು ರೂಪುಗೊಂಡುದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಈ ದೊರೆಯ ಕಾಲದಲ್ಲಿ ಕಾವ್ಯದೊಡನೆ ಗಣಿತವೂ ಏಳಿಗೆ ಹೊಂದಿತು. ಅದಕ್ಕೆ ಕಾರಣನಾದವನು ಜೈನ ವಿದ್ವಾಂಸನಾದ ಮಹಾವೀರಾಚಾರ್ಯ.

ಆರ್ಯಭಟ, ಬ್ರಹ್ಮಗುಪ್ತರು ಖಗೋಳ ಗ್ರಂಥಗಳ ಕೆಲವು ಅಧ್ಯಾಯಗಳಲ್ಲಿ ಗಣಿತವನ್ನು ವಿವರಿಸಿದ್ದರು. ಮಹಾವೀರಾಚಾರ್ಯನಾದರೋ ಗಣಿತಕ್ಕೇ ಮೀಸಲಾದ ‘ಗಣಿತಸಾರಸಂಗ್ರಹ’ವನ್ನು ಸುಮಾರು 850ರಲ್ಲಿ ಸಂಸ್ಕೃತ ಪದ್ಯಗಳಲ್ಲಿ ರಚಿಸಿದನು. ಅದರಲ್ಲಿ 9 ಅಧ್ಯಾಯಗಳಿವೆ. ಅಡುಗೆ, ವೈದ್ಯ, ಸಂಗೀತ, ವಾಸ್ತು ಮೊದಲಾದ ಎಲ್ಲ ವ್ಯವಹಾರಗಳಿಗೂ ಗಣಿತ ಬೇಕೆಂಬುದು ಅವನ ನಿಲುವು.

ಉಪಯೋಗವಷ್ಟೇ ಅಲ್ಲ, ಸಂಖ್ಯೆಗಳ ಚೆಲುವೂ ಅವನ ಮನಸ್ಸನ್ನು ಸೆಳೆದಿತ್ತು. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. ಹೀಗೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದನು. ಇವುಗಳಲ್ಲಿ ಸೊಗಸಾದುದು 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಅದನ್ನು ವರ್ಣಿಸಿದನು. ಇದು 1234 ಕೋಟಿ 56 ಲಕ್ಷ 54 ಸಾವಿರದ 321. 27994681 ಮತ್ತು 441ರ ಗುಣಲಬ್ಧ.

ಈ ಹಾರದ ಗುಟ್ಟೇನು? ಇದು 111111ರ ವರ್ಗ. ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ, ಒಂದುಗಳ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ಕಂಬಸಾಲುಗಳನ್ನು ಕೂಡಿದಾಗ 1, 2, 3 ಎಂದು 6ರವರೆಗೆ ಏರಿ, ಹಾಗೆಯೇ ಇಳಿಯುತ್ತದೆ. ಎಲ್ಲಿಯೂ ದಶಕ ಇಲ್ಲದುದರಿಂದ ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಕ್ರಮ ಉಳಿಯುತ್ತದೆ. ಹತ್ತಾದರೆ ದಶಕ ಬಂದು ಕ್ರಮ ಮುರಿಯುತ್ತದೆ.

ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯನು ಸ್ಪಷ್ಟವಾಗಿ ಹೇಳಿದನು. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂಬ ಅವನ ಮಾತು ತಪ್ಪಾಗಿತ್ತು. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂಬುದನ್ನು ಮುಂದಿನ ಗಣಿತಜ್ಞರು ಕಂಡುಕೊಂಡರು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದಾಗ ಅವನ ಕೀರ್ತಿ ಲೋಕಕ್ಕೆ ಹರಡಿತು. ಗಣಿತದಲ್ಲಿ ಹಿರಿಯರ ನುಡಿಯೂ ಪರೀಕ್ಷೆಗೆ ಒಳಪಟ್ಟದ್ದೇ. ಆ ಪರೀಕ್ಷೆಯಲ್ಲಿ ಅವನ ಸೊನ್ನೆಯ ಮಾತು ನಿಲ್ಲಲಿಲ್ಲ. ಅವನ ಹಾರವಾದರೋ ಇಂದು ಯಾವ ವಿದ್ಯಾರ್ಥಿ ಗುಣಿಸಿ ನೋಡಿದರೂ ಒಂದು ಮಣಿಯೂ ಜಾರದಂತೆ ಉಳಿದಿದೆ.