ದೊಡ್ಡದು, ಸಣ್ಣದು, ಉದ್ದ, ಗಿಡ್ಡ: ಮಾರಿಯಾ ಮಾಂಟೆಸ್ಸರಿ ಅವರ ಬದುಕು

ಮಾಂಟೆಸ್ಸರಿ ಎಂಬ ಹೆಸರು ಈಗ ಸಣ್ಣ ಪಟ್ಟಣಗಳ ಖಾಸಗಿ ಶಾಲೆಗಳ ಬೋರ್ಡಿನ ಮೇಲೂ ಕಾಣುತ್ತದೆ. ನವಲಗುಂದ ಕಡೆಯ ನಮ್ಮ ಹಳ್ಳಿಗಳ ಮಂದಿಗೆ ಆ ಹೆಸರೆಂದರೆ ಟೈ, ಬೂಟು, ಶಾಲೆಯ ವ್ಯಾನು ಮತ್ತು ದೊಡ್ಡ ಫೀ. ಅದು ಒಬ್ಬ ಹೆಣ್ಣುಮಗಳ ಮನೆತನದ ಹೆಸರು, ಆಕೆ ಡಾಕ್ಟರ್ ಆಗಿದ್ದರು, ಆಕೆಯ ಮೊದಲ ಮಕ್ಕಳಮನೆ ತೆರೆದದ್ದು ಕೂಲಿಕಾರರ ಮಕ್ಕಳಿಗಾಗಿ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಪರಿಚಯ ಬರೆದುಕೊಡಬೇಕೆಂದು ಗುರುಗಳು ಹೇಳಿದಾಗ ನಾನು ಈ ಹೆಸರನ್ನು ಆರಿಸಿಕೊಂಡದ್ದು ಅದಕ್ಕೇ. ಪ್ರೌಢಶಾಲೆಯ ಸಂಚಿಕೆಯಲ್ಲಿ ಅಂಗನವಾಡಿ ವಯಸ್ಸಿನ ಮಕ್ಕಳ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಎಂಟನೇ ಇಯತ್ತೆಗೆ ಬರುವ ಮಗು ಕ್ಷೇತ್ರಫಲ, ಘನಫಲದ ಲೆಕ್ಕ ಕಂಡರೆ ಹೆದರುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೂರು ನಾಲ್ಕನೇ ವರ್ಷದಲ್ಲಿ ಅದರ ಕೈಗೆ ಏನು ಸಿಕ್ಕಿತ್ತು ಎಂಬುದರ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರಕಾರಿ ನೌಕರರು. ತಾಯಿ ರೆನಿಲ್ಡೆ ಆ ಕಾಲಕ್ಕೆ ಚೆನ್ನಾಗಿ ಓದಿದವರು. ಮಗಳಿಗೆ ಮೊದಲು ಇದ್ದ ಆಸೆ ಇಂಜಿನಿಯರ್ ಆಗಬೇಕೆಂದು. ಹುಡುಗರೇ ಹೋಗುತ್ತಿದ್ದ ತಾಂತ್ರಿಕ ಶಾಲೆಗೆ ಹೋಗಿ ಗಣಿತ ಓದಿದರು. ಬಿ.ಇ. ಮಾಡಿದ ನನಗೆ ಈ ವಿವರ ಓದಿ ಸ್ವಲ್ಪ ಹೆಮ್ಮೆಯಾಯಿತು. ಆಮೇಲೆ ಮನಸ್ಸು ವೈದ್ಯಕೀಯದ ಕಡೆ ತಿರುಗಿತು. ಗಂಡಸರ ಜೊತೆ ನಿಂತು ಹೆಣ ಕೊಯ್ದು ಕಲಿಯುವುದು ಹೆಣ್ಣಿಗೆ ಸಲ್ಲದೆಂದು, ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೋಣೆಯಲ್ಲಿ ಕೆಲಸ ಮಾಡಬೇಕಾಯಿತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಒಬ್ಬರಾದರು.

ಕೆಲಸ ಸಿಕ್ಕಿದ್ದು ಮನೋರೋಗಗಳ ವಿಭಾಗದಲ್ಲಿ. ಬುದ್ಧಿ ಬೆಳೆಯದ ಮಕ್ಕಳನ್ನು ಆಗ ಹುಚ್ಚಾಸ್ಪತ್ರೆಗಳಲ್ಲೇ ಕೂಡಿಹಾಕುತ್ತಿದ್ದರು. ಒಂದು ಕಡೆ ಆ ಮಕ್ಕಳು ಊಟವಾದ ಮೇಲೆ ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳಿಗೆ ಮುಗಿಬೀಳುತ್ತಿದ್ದರಂತೆ. ನೋಡಿಕೊಳ್ಳುವವರು ಅದನ್ನು ಹೊಟ್ಟೆಬಾಕತನ ಎಂದರು. ಆ ಬರಿಗೋಡೆಗಳ ಕೋಣೆಯಲ್ಲಿ ಮುಟ್ಟಲು, ಹಿಚುಕಲು, ಉರುಳಿಸಲು ಆ ಚೂರುಗಳ ಹೊರತು ಇನ್ನೇನೂ ಇಲ್ಲ ಎಂಬುದನ್ನು ಮಾರಿಯಾ ಕಂಡರು. ಫ್ರಾನ್ಸಿನ ಇಟಾರ್ ಮತ್ತು ಸೆಗೆಂ ಎಂಬ ಇಬ್ಬರು ವೈದ್ಯರು ಇಂಥ ಮಕ್ಕಳ ಬಗ್ಗೆ ಬರೆದದ್ದನ್ನು ಹುಡುಕಿ, ಕೈಯಾರೆ ಬರೆದುಕೊಂಡು ಅಭ್ಯಾಸ ಮಾಡಿದರು. ಕೈ ಕಲಿತದ್ದನ್ನು ತಲೆ ಮರೆಯುವುದಿಲ್ಲ ಎಂಬ ದಾರಿ ಅವರಿಗೆ ಸಿಕ್ಕಿದ್ದು ಅಲ್ಲಿ.

ಇದೇ ಹೊತ್ತಿನಲ್ಲಿ ಅವರ ಸ್ವಂತ ಬದುಕಿನಲ್ಲಿ ಒಂದು ನೋವು ನಡೆಯಿತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಮಾಂಟೆಸಾನೊ ಅವರಿಂದ 1898ರಲ್ಲಿ ಮಾರಿಯೊ ಎಂಬ ಗಂಡುಮಗು ಹುಟ್ಟಿತು. ಮದುವೆ ಆಗಿರಲಿಲ್ಲ. ಕೂಸನ್ನು ಹಳ್ಳಿಯ ಒಂದು ಮನೆಯಲ್ಲಿ ಬೆಳೆಯಲು ಬಿಟ್ಟರು. ಅವನು ದೊಡ್ಡವನಾಗಿ ಜೊತೆಗೆ ಬಂದ ಮೇಲೂ ಬಹಳ ವರ್ಷ ಲೋಕಕ್ಕೆ ಮಗನೆಂದು ಹೇಳಲಾಗಲಿಲ್ಲ. ಜಗತ್ತಿನ ಮಕ್ಕಳ ಬಗ್ಗೆ ಬರೆದ ಹೆಂಗಸು ತನ್ನ ಕೂಸನ್ನು ಆಡಿಸಲಿಲ್ಲ ಎಂದು ಜರಿದವರಿದ್ದಾರೆ. ಆ ಕಾಲದ ಹೆಣ್ಣಿಗೆ ಎಷ್ಟು ದಾರಿಗಳಿದ್ದವು ಎಂದು ಅವರು ಕೇಳಿಕೊಳ್ಳಲಿಲ್ಲ.

1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಓಣಿಯಲ್ಲಿ ಮೊದಲ ಮಕ್ಕಳಮನೆ ತೆರೆಯಿತು. ತೆರೆಸಿದವರು ಕಟ್ಟಡ ಕಂಪನಿಯವರು. ತಂದೆತಾಯಿ ದುಡಿಯಲು ಹೋದಾಗ ಚಿಕ್ಕಮಕ್ಕಳು ಹೊಸ ಗೋಡೆಗಳನ್ನು ಹಾಳುಮಾಡುತ್ತಾರೆಂಬುದು ಅವರ ಚಿಂತೆ! ಐವತ್ತರ ಮೇಲೆ ಮಕ್ಕಳು, ಒಂದು ಕೋಣೆ, ನೋಡಿಕೊಳ್ಳಲು ಒಬ್ಬಾಕೆ. ಮಾರಿಯಾ ಅಲ್ಲಿಗೆ ತಾವು ಮಾಡಿಸಿದ್ದ ಕಟ್ಟಿಗೆಯ ಸಾಮಾನು ತಂದಿಟ್ಟರು.

ಒಂದು ಕಟ್ಟಿಗೆಯ ದಿಮ್ಮಿ, ಅದರಲ್ಲಿ ಹತ್ತು ಗುಣಿ, ಪ್ರತಿ ಗುಣಿಗೆ ಒಂದು ದುಂಡನೆಯ ಉರುಳೆ. ಪತ್ತಾರರ ಪೆಟ್ಟಿಗೆಯಲ್ಲಿ ತೂಕಗಳು ತಮ್ಮ ತಮ್ಮ ಗುಣಿಯಲ್ಲಿ ಕೂರುವುದನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ. ಇಂಥ ನಾಲ್ಕು ದಿಮ್ಮಿಗಳು. ಒಂದರಲ್ಲಿ ಎತ್ತರ ಒಂದೇ, ದಪ್ಪ ಬೇರೆ ಬೇರೆ. ಇನ್ನೊಂದರಲ್ಲಿ ದಪ್ಪ ಒಂದೇ, ಎತ್ತರ ಬೇರೆ ಬೇರೆ. ಉಳಿದವುಗಳಲ್ಲಿ ಎರಡೂ ಬದಲಾಗುತ್ತವೆ. ಮಗು ತಪ್ಪು ಗುಣಿಗೆ ಹಾಕಿದರೆ ಕೊನೆಗೆ ಒಂದು ಉರುಳೆ ಎಲ್ಲಿಯೂ ಕೂರದೆ ಕೈಯಲ್ಲೇ ಉಳಿಯುತ್ತದೆ. ತಪ್ಪನ್ನು ಕಟ್ಟಿಗೆಯೇ ಹೇಳುತ್ತದೆ, ಮಾಸ್ತರರು ಬೈಯಬೇಕಿಲ್ಲ. ಒಬ್ಬ ಮೂರು ವರ್ಷದ ಹುಡುಗಿ ಈ ಉರುಳೆಗಳನ್ನು ತೆಗೆದು ಹಾಕಿ, ತೆಗೆದು ಹಾಕಿ ಕೂತಿದ್ದಳು. ಸುತ್ತ ಮಕ್ಕಳನ್ನು ಹಾಡಿಸಿದರು, ಏಳಲಿಲ್ಲ. ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರು. ಉರುಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ನಿದ್ದೆಯಿಂದ ಎದ್ದವಳಂತೆ ನಗುತ್ತ ಬಿಟ್ಟಳು. ಚಿಕ್ಕಮಕ್ಕಳಿಗೆ ಒಂದು ಕಡೆ ಮನಸ್ಸು ನಿಲ್ಲುವುದಿಲ್ಲ ಎಂಬ ಮಾತನ್ನು ಮಾರಿಯಾ ಅಂದಿನಿಂದ ಒಪ್ಪಲಿಲ್ಲ.

ಮಿಕ್ಕ ಸಾಮಾನೂ ಇದೇ ಯೋಚನೆಯದು. ಉದ್ದ ತಿಳಿಯಲು ಹತ್ತು ಕೆಂಪು ಕೋಲುಗಳು: ಚಿಕ್ಕದು 10 ಸೆಂ.ಮೀ., ದೊಡ್ಡದು ಒಂದು ಮೀಟರ್, ದಪ್ಪ ಎಲ್ಲಕ್ಕೂ ಒಂದೇ. ದಪ್ಪ ತಿಳಿಯಲು 20 ಸೆಂ.ಮೀ. ಉದ್ದದ ಹತ್ತು ಕಂದು ತುಂಡುಗಳು, ಜೋಡಿಸಿದರೆ ಮೆಟ್ಟಿಲು. ಗಾತ್ರ ತಿಳಿಯಲು ಹತ್ತು ಗುಲಾಬಿ ಘನಗಳು, 1 ಸೆಂ.ಮೀ.ಯಿಂದ 10 ಸೆಂ.ಮೀ.ವರೆಗೆ, ಒಂದರ ಮೇಲೊಂದಿಟ್ಟರೆ ಗೋಪುರ. ದೊಡ್ಡ ಘನದಲ್ಲಿ ಚಿಕ್ಕ ಘನದಂಥವು 1000 ಹಿಡಿಯುತ್ತವೆ. ಅದು ಟೊಳ್ಳಾಗಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಇದನ್ನು ಯಾರೂ ಮಗುವಿಗೆ ಹೇಳುವುದಿಲ್ಲ. ಅದು ಎರಡು ಕೈಯಿಂದ ದೊಡ್ಡದನ್ನು, ಎರಡು ಬೆರಳಿಂದ ಚಿಕ್ಕದನ್ನು ಎತ್ತಿ ತಿಳಿದಿರುತ್ತದೆ. ದೊಡ್ಡದು, ಸಣ್ಣದು, ಉದ್ದ, ಗಿಡ್ಡ ಎಂಬ ಮಾತುಗಳು ಬರುವುದು ಆಮೇಲೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ದೋಷ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುತ್ತೇವೆ. ಆ ಶಿಸ್ತು ಮೂರು ವರ್ಷದ ಮಗುವಿನ ಆಟದಲ್ಲಿದೆ.

ಕಾಳು, ನೀರು ಸುರಿಯುವ ಆಟವೂ ಅವರ ಶಾಲೆಗಳಲ್ಲಿತ್ತು. ಅದರ ಬೆಲೆಯನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮುಂದೆ ಬೇರೊಂದು ದಿಕ್ಕಿನಿಂದ ತೋರಿಸಿದರು. ಅಗಲ ಗ್ಲಾಸಿನ ನೀರನ್ನು ಕಣ್ಣೆದುರೇ ಎತ್ತರದ ಗ್ಲಾಸಿಗೆ ಸುರಿದರೂ ನಾಲ್ಕೈದು ವರ್ಷದ ಮಗು ನೀರು ಹೆಚ್ಚಾಯಿತು ಎನ್ನುತ್ತದೆ. ಅಣ್ಣನ ಉದ್ದ ಗ್ಲಾಸಿನ ಮಜ್ಜಿಗೆ ನೋಡಿ ತಮ್ಮ ಅಳುವುದು ದಡ್ಡತನವಲ್ಲ, ಆ ವಯಸ್ಸಿನ ಕಣ್ಣು ಕಾಣುವುದೇ ಹಾಗೆ.

ಮುಂದಿನ ಕೀರ್ತಿಯ ಕಥೆ ದೊಡ್ಡದು, ಇಲ್ಲಿ ಬೇಡ. 1909ರಲ್ಲಿ ಪುಸ್ತಕ ಬಂತು, ಅಮೆರಿಕದವರೆಗೆ ಹೆಸರಾಯಿತು. ಮುಸೊಲಿನಿ ಮೊದಲು ಪೋಷಿಸಿ, ಆಮೇಲೆ ಇಟಲಿಯ ಅವರ ಶಾಲೆಗಳನ್ನು ಮುಚ್ಚಿಸಿದ. ಸ್ಪೇನಿನಲ್ಲಿದ್ದರು, ಅಲ್ಲಿಯೂ ಅಂತರ್ಯುದ್ಧ ಶುರುವಾಗಿ 1936ರಲ್ಲಿ ಹಾಲೆಂಡಿಗೆ ಹೋದರು.

1931ರಲ್ಲಿ ಲಂಡನ್ನಿನ ಅವರ ತರಬೇತಿ ಕೇಂದ್ರಕ್ಕೆ ಗಾಂಧೀಜಿ ಬಂದು, ಈ ಶಿಕ್ಷಣ ಉಳ್ಳವರ ಮಕ್ಕಳಿಗಷ್ಟೇ ಅಲ್ಲ, ಕಡುಬಡವರ ಮಕ್ಕಳಿಗೂ ಸಿಗಲೆಂದು ಹಾರೈಸಿದ್ದರು. 1939ರಲ್ಲಿ, ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಮಾರಿಯಾ ಮಗ ಮಾರಿಯೊನ ಜೊತೆ ಮದ್ರಾಸಿನ ಅಡ್ಯಾರಿಗೆ ಬಂದರು. ಕರೆದವರು ಥಿಯಾಸಾಫಿಕಲ್ ಸೊಸೈಟಿಯವರು. ಮೊದಲ ತರಬೇತಿಗೆ ಸುಮಾರು 300 ಜನ ಸೇರಿದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರಕಾರ ಶತ್ರುದೇಶದವನೆಂದು ಮಾರಿಯೊನನ್ನು ಬಂಧಿಸಿ ಅಹಮದ್‌ನಗರಕ್ಕೆ ಕಳಿಸಿತು. ಆಗಸ್ಟ್ 31ರಂದು, ಅವರಿಗೆ ಎಪ್ಪತ್ತು ತುಂಬಿದ ದಿನ, ಹುಟ್ಟುಹಬ್ಬದ ಕಾಣಿಕೆಯಾಗಿ ಮಗನನ್ನು ಬಿಡಲಾಗಿದೆ ಎಂದು ವೈಸರಾಯರ ತಂತಿ ಬಂತು. ಅದರಲ್ಲಿ ಮಗ ಎಂದೇ ಬರೆದಿತ್ತು. ನಲವತ್ತೆರಡು ವರ್ಷ ಮುಚ್ಚಿಟ್ಟ ಮಾತನ್ನು ಪರಸರಕಾರದ ಒಂದು ಕಾಗದ ಆಡಿತ್ತು. ಮುಂದೆ ಕೊಡೈಕೆನಾಲಿನಲ್ಲಿ ಎರಡು ವರ್ಷ ಇದ್ದು, ಶಾಲೆ ನಡೆಸಿ, 1946ರಲ್ಲಿ ಯುರೋಪಿಗೆ ಮರಳಿದರು.

ಒಂದು ವಿಷಯದಲ್ಲಿ ನಾನು ಅವರ ಪಕ್ಷ ಅಲ್ಲ. ತಮ್ಮ ಸಾಮಾನನ್ನು ತಾವು ಹೇಳಿದ ಅಳತೆಯಲ್ಲೇ ಮಾಡಬೇಕು, ತಮ್ಮಲ್ಲಿ ಕಲಿತವರೇ ಕಲಿಸಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಅಷ್ಟು ನುಣುಪಾದ, ಅಳತೆಯ ಕಟ್ಟಿಗೆ ಬಡವರ ಶಾಲೆಗೆ ಎಟುಕುವುದಿಲ್ಲ. ಹೀಗೆ ಕೂಲಿಕಾರರ ಓಣಿಯಲ್ಲಿ ಹುಟ್ಟಿದ್ದು ಫೀ ಕಟ್ಟುವವರ ಪಾಲಾಯಿತು. ಅದನ್ನು ತಿರುಗಿ ಬಡವರ ಅಂಗಳಕ್ಕೆ ತಂದವರು ನಮ್ಮವರೇ: ಭಾವನಗರದ ಗಿಜುಭಾಯಿ ಬಧೇಕಾ, ಅವರ ಜೊತೆ ದುಡಿದ ತಾರಾಬಾಯಿ ಮೋಡಕ್. ನಮ್ಮ ಧಾರವಾಡ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ 1945ರಲ್ಲಿ ತಾರಾಬಾಯಿ ಅದೇ ಪ್ರಾಂತದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಅನುತಾಯಿ ವಾಘ್ ಜೊತೆಯಾದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಆದಿವಾಸಿಗಳ ಅಂಗಳಕ್ಕೆ ಒಯ್ದರು. ಕಲ್ಲು, ಬೀಜ, ಎಲೆ, ಕಪ್ಪೆಚಿಪ್ಪುಗಳೇ ಪಾಠದ ಸಾಮಾನಾದವು. ಅಂಗನವಾಡಿ ಎಂಬ ಹೆಸರು ಇಂದು ನಮ್ಮ ಪ್ರತಿ ಊರಿನಲ್ಲಿದೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಶುರುಮಾಡಿದ ಯೋಜನೆಯಿಂದ ಅದು ದೇಶದ ತುಂಬ ಹರಡಿತು.

ನಮ್ಮಲ್ಲಿ ಇದಕ್ಕೆ ಬೇಕಾದದ್ದು ಯಾವುದೂ ಕಡಿಮೆಯಿಲ್ಲ. ಜೋಳದ ದಂಟನ್ನು ಒಂದಕ್ಕಿಂತ ಒಂದು ಗೇಣುದ್ದ ಹೆಚ್ಚಾಗುವಂತೆ ಕತ್ತರಿಸಿದರೆ ಕೆಂಪು ಕೋಲುಗಳ ಕೆಲಸ ಆಯಿತು. ಸೇರು, ಅಚ್ಚೇರು, ಪಾವು ಇನ್ನೂ ಕೆಲವು ಮನೆಗಳ ಅಟ್ಟದ ಮೇಲಿವೆ. ಅವುಗಳ ಜೊತೆ ಒಂದು ಬುಟ್ಟಿ ಕಡಲೆ ಕೊಟ್ಟರೆ ಎರಡು ಅಚ್ಚೇರು ಕೂಡಿ ಸೇರಾಗುವುದನ್ನು ಮಗು ತಾನೇ ಕಾಣುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರಿಮಣ್ಣಿನಲ್ಲಿ ಜೋಡೆತ್ತು ಮಾಡುವಾಗ ಒಂದು ದೊಡ್ಡದಾದರೆ ಮಣ್ಣು ಕಿತ್ತು ಸರಿಮಾಡುತ್ತೇವಲ್ಲ, ಅದೂ ಇದೇ ಪಾಠ. ಚಿಣಿಪಣಿಯಲ್ಲಿ ಚಿಣಿ ಬಿದ್ದ ದೂರವನ್ನು ಕೋಲಿನಿಂದ ಅಳೆಯುವುದೂ ಅದೇ. ತೊಟ್ಟಿಲಿಗೆ ಹೆಸರಾದ ಕಲಘಟಗಿ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿನ ಬಡಿಗರ ಕೈಗೆ ಹತ್ತು ಉರುಳೆ, ಹತ್ತು ಘನ ಯಾವ ದೊಡ್ಡ ಕೆಲಸ? ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಊರಿನ ಅಂಗನವಾಡಿಗೆ ಅಂಥ ಒಂದೊಂದು ಪೆಟ್ಟಿಗೆ ಮಾಡಿಸಿಕೊಡಬಹುದೇ ಎಂಬುದನ್ನು ಮಹೋತ್ಸವದ ದಿನ ಕೂತು ಮಾತಾಡೋಣ.

ಮಾರಿಯಾ 1947ರಲ್ಲಿ ಮತ್ತೆ ಭಾರತಕ್ಕೆ ಬಂದು 1949ರವರೆಗೆ ಕೆಲಸ ಮಾಡಿದರು. 1952ರ ಮೇ 6ರಂದು ಹಾಲೆಂಡಿನ ಸಮುದ್ರದಂಡೆಯ ನೋರ್ಡ್‌ವೈಕ್ ಎಂಬ ಊರಿನಲ್ಲಿ ತೀರಿಕೊಂಡರು. ಸಮಾಧಿ ಅಲ್ಲಿಯೇ ಇದೆ. ಅವರ ಕೆಲಸವನ್ನು ಮುಂದಕ್ಕೆ ನಡೆಸಿದವರು ಮಗ ಮಾರಿಯೊ.