ಕಾಡು ಕಾಯಲು ಕಲಿತ ವೈದ್ಯ: ಹ್ಯೂ ಕ್ಲೆಗ್‌ಹಾರ್ನ್

ನಮ್ಮ ಜಿಲ್ಲೆಯ ಪೂರ್ವಭಾಗದಲ್ಲಿ, ಅಡೂರು, ದೇಲಂಪಾಡಿ, ಬಂದಡ್ಕದ ಕಡೆ ಗುಡ್ಡೆ ಹತ್ತಿ ಇಳಿದವರಿಗೆ ಕುಮೇರಿ ಎಂಬ ಮಾತು ಹೊಸದಲ್ಲ. ಕಾಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಬಿತ್ತಿ ಬೆಳೆಯುವ ಬೇಸಾಯಕ್ಕೆ ಆ ಹೆಸರು. ಬೇಸಾಯ ನಿಂತು ಹೋಗಿ ತಲೆಮಾರುಗಳು ಕಳೆದರೂ ಜಾಗಗಳ ಹೆಸರಿನಲ್ಲಿ ಮಾತು ಉಳಿದುಕೊಂಡಿದೆ. ಅದು ಏಕೆ ನಿಂತಿತು, ನಿಲ್ಲಿಸಿದವರು ಯಾರು ಎಂದು ಹಿಂದೆ ಹಿಂದೆ ಹುಡುಕುತ್ತ ಹೋದರೆ ನಾವು ಒಬ್ಬ ವೈದ್ಯನ ಬಳಿಗೆ ಬಂದು ನಿಲ್ಲುತ್ತೇವೆ. ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್ ಎಂದು ಅವರ ಹೆಸರು. ಮದರಾಸು ಪ್ರಾಂತದ ಮೊದಲನೆಯ ಅರಣ್ಯ ಸಂರಕ್ಷಣಾಧಿಕಾರಿ ಎಂದು ಭಾರತದ ಅರಣ್ಯ ಚರಿತ್ರೆಯಲ್ಲಿ ಅವರು ಪ್ರಸಿದ್ಧರು.

ಒಂದು ಉದ್ಯೋಗದಲ್ಲಿ ನೆಲೆ ನಿಂತ ಮೇಲೆ ಅದನ್ನು ಬಿಟ್ಟು, ಕಾಡು, ಮಣ್ಣು, ನೀರನ್ನು ಕಾಯುವ ಕೆಲಸವನ್ನು ಹೊಸದಾಗಿ ಕಲಿಯಹೊರಟವರನ್ನು ನಾವು ಇಂದು ಅಲ್ಲಲ್ಲಿ ಕಾಣುತ್ತೇವೆ. ಅವರಿಗೆ ಕಾಲೇಜುಗಳಿವೆ, ಪಠ್ಯಗಳಿವೆ, ಹಿರಿಯರ ಅನುಭವವಿದೆ. ಕ್ಲೆಗ್‌ಹಾರ್ನರ ಕಾಲದಲ್ಲಿ ಇವಾವುವೂ ಈ ದೇಶದಲ್ಲಿರಲಿಲ್ಲ. ಆದ್ದರಿಂದ ಅವರು ಆ ವಿದ್ಯೆಯನ್ನು ಕಲಿತ ಬಗೆಯನ್ನೂ, ಕಲಿಯದೆ ಬಿಟ್ಟುದನ್ನೂ ನಾವು ತಿಳಿದುಕೊಳ್ಳುವುದು ಒಳ್ಳೆಯದು.

ಕ್ಲೆಗ್‌ಹಾರ್ನರು ಹುಟ್ಟಿದ್ದು ಮದರಾಸಿನಲ್ಲಿ, 1820ರ ಆಗಸ್ಟ್ 9ರಂದು. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದರು. ಆ ಕಾಲದ ಆಂಗ್ಲ ಕುಟುಂಬಗಳ ರೂಢಿಯಂತೆ ಎಳವೆಯಲ್ಲೇ ಮಗುವನ್ನು ಸ್ಕಾಟ್ಲೆಂಡಿಗೆ ಕಳುಹಿಸಿದರು. ಫೈಫ್ ಪ್ರಾಂತದ ಸ್ಟ್ರಾವಿಥಿ ಎಂಬ ಊರಿನಲ್ಲಿ ಅಜ್ಜನ ಜಮೀನಿತ್ತು. ಸಿಂಹಳ ದ್ವೀಪ ಡಚ್ಚರ ಕೈಯಿಂದ ಆಂಗ್ಲರ ವಶವಾಗುವಲ್ಲಿ ಈ ಅಜ್ಜನ ಪಾತ್ರ ದೊಡ್ಡದು. ಹೊಲ, ತೋಟ, ಮರಗಳ ನಡುವೆ ಹುಡುಗ ಬೆಳೆದನು. ಮುಂದೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಕಲಿತು 1841ರಲ್ಲಿ ಪದವಿ ಪಡೆದು, ಮರುವರ್ಷವೇ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿ ಹುಟ್ಟೂರಾದ ಮದರಾಸಿಗೆ ಮರಳಿ ಬಂದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಂದು ಔಷಧಿಗಳಲ್ಲಿ ಹೆಚ್ಚಿನವು ಗಿಡಮೂಲಿಕೆಗಳಿಂದಲೇ ಬರುತ್ತಿದ್ದುವು. ಹೀಗಾಗಿ ವೈದ್ಯನಾಗುವವನು ಸಸ್ಯಶಾಸ್ತ್ರವನ್ನು ಕಲಿಯಲೇಬೇಕಿತ್ತು. ಕಂಪೆನಿಯ ನೌಕರರಲ್ಲಿ ಗಿಡಮರಗಳನ್ನು ಶಾಸ್ತ್ರೀಯವಾಗಿ ಗುರುತಿಸಬಲ್ಲವರು ಯಾರೆಂದರೆ ಬಹುಮಟ್ಟಿಗೆ ವೈದ್ಯರೇ. ಮುಂಬಯಿ ಪ್ರಾಂತದಲ್ಲಿ 1847ರಲ್ಲಿ ಕಾಡಿನ ಮೇಲ್ವಿಚಾರಣೆಗೆ ನೇಮಕವಾದ ಅಲೆಗ್ಸಾಂಡರ್ ಗಿಬ್ಸನ್ ಕೂಡ ವೈದ್ಯರೇ ಆಗಿದ್ದರು. ಭಾರತದ ಅರಣ್ಯ ಇಲಾಖೆಯ ಬೇರು ಆಸ್ಪತ್ರೆಯ ಅಂಗಳದಲ್ಲಿದೆ ಎಂದು ನಾವು ಹೇಳಿದರೆ ಅತಿಶಯೋಕ್ತಿಯಾಗದು.

ಕ್ಲೆಗ್‌ಹಾರ್ನರ ಬಾಳು ತಿರುಗಿದ್ದು ಕನ್ನಡ ನಾಡಿನಲ್ಲಿ. ಮೈಸೂರು ರಾಜ್ಯ ಆಗ ಆಂಗ್ಲ ಕಮಿಷನರ ಆಡಳಿತದಲ್ಲಿತ್ತು. ಮಾರ್ಕ್ ಕಬ್ಬನ್ ಕಮಿಷನರಾಗಿದ್ದರು. ಅವರ ಕೈಕೆಳಗೆ ಈ ತರುಣ ವೈದ್ಯರನ್ನು ಶಿವಮೊಗ್ಗಕ್ಕೆ ನೇಮಿಸಲಾಯಿತು. ಮಲೆನಾಡಿನ ಹಳ್ಳಿಗಳನ್ನು ಸುತ್ತುತ್ತಿದ್ದ ಅವರು, ದಿನಕ್ಕೊಂದು ಗಿಡವನ್ನಾದರೂ ತಂದು ಗಮನವಿಟ್ಟು ನೋಡುವ ವ್ರತ ಹಿಡಿದರು. ಒಬ್ಬ ದೇಶೀ ಚಿತ್ರಗಾರನಿಂದ ಆ ಗಿಡಗಳ ಚಿತ್ರ ಬರೆಯಿಸಿದರು. ಎಲೆ, ಹೂ, ಕಾಯಿ, ಬೇರು, ಊರವರು ಕರೆಯುವ ಹೆಸರು, ಅದರ ಉಪಯೋಗ ಎಲ್ಲವನ್ನೂ ಗುರುತು ಹಾಕಿಕೊಂಡರು. ಗಿಡ ನೋಡಲು ಹೋದ ಕಣ್ಣಿಗೆ ಕಾಡು ಬೋಳಾಗುತ್ತಿರುವುದೂ ಬಿತ್ತು. ತೇಗ, ಬೀಟಿ, ಶ್ರೀಗಂಧದ ಮರಗಳು ಲೆಕ್ಕವಿಲ್ಲದೆ ಉರುಳುತ್ತಿದ್ದುವು. ಅವುಗಳ ಜಾಗಕ್ಕೆ ಹೊಸ ಸಸಿ ನೆಡುವವರಿರಲಿಲ್ಲ.

ಮಲೆನಾಡಿನ ಜ್ವರ ಅವರನ್ನೂ ಬಿಡಲಿಲ್ಲ. 1848ರಲ್ಲಿ ಕಾಯಿಲೆಯ ರಜೆಯ ಮೇಲೆ ಸ್ವದೇಶಕ್ಕೆ ಹೋದರು. ಬೇರೆಯವರಾದರೆ ವಿಶ್ರಾಂತಿಯಲ್ಲಿ ದಿನ ಕಳೆಯುತ್ತಿದ್ದರು. ಇವರು ಉಷ್ಣವಲಯದ ಕಾಡುಗಳ ನಾಶದ ಪ್ರಶ್ನೆಯನ್ನು 1850ರಲ್ಲಿ ಎಡಿನ್‌ಬರೋದಲ್ಲಿ ಕೂಡಿದ ಬ್ರಿಟಿಷ್ ವಿಜ್ಞಾನ ಪರಿಷತ್ತಿನ ಮುಂದಿಟ್ಟರು. ಪರಿಷತ್ತು ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ಇಪ್ಸ್‌ವಿಚ್ ನಗರದ ಅಧಿವೇಶನದಲ್ಲಿ ಅದರ ವರದಿ ಬಂತು. ಕಾಡು ಹೋದರೆ ಮರಮಟ್ಟು ಮಾತ್ರವಲ್ಲ, ನೀರಿನ ಒರತೆ, ಮಣ್ಣಿನ ಸಾರ, ಹವಾಮಾನ ಇವೂ ಕೆಡಬಹುದೆಂಬ ವಿಚಾರವನ್ನು ಹಲವಾರು ಅಧಿಕಾರಿಗಳ, ವೈದ್ಯರ ಬರಹಗಳಿಂದ ಆರಿಸಿ ಆ ವರದಿಯಲ್ಲಿ ಪೋಣಿಸಲಾಗಿತ್ತು. ಇಂದು ಶಾಲೆಯ ಮಕ್ಕಳಿಗೂ ತಿಳಿದಿರುವ ಈ ಮಾತು ಅಂದು ಸರಕಾರದ ಕಿವಿಗೆ ಹೊಸತಾಗಿತ್ತು.

1852ರಲ್ಲಿ ಮದರಾಸಿಗೆ ಮರಳಿದ ಕ್ಲೆಗ್‌ಹಾರ್ನರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಗೌರವದ ಹುದ್ದೆ, ಪಟ್ಟಣದ ವಾಸ. ಇಷ್ಟಕ್ಕೆ ತೃಪ್ತರಾಗಿದ್ದರೆ ಅವರ ಹೆಸರು ಕಾಲೇಜಿನ ದಾಖಲೆಯಲ್ಲೇ ಉಳಿಯುತ್ತಿತ್ತು. ಆದರೆ ಅಷ್ಟರಲ್ಲಿ ರೈಲು ಬಂತು. ಮದರಾಸಿನ ರಾಯಪುರದಿಂದ ಮೊದಲ ರೈಲು ಹೊರಟಿದ್ದು 1856ರ ಜುಲೈಯಲ್ಲಿ. ಒಂದು ಮೈಲಿ ಹಳಿ ಹಾಕಬೇಕಾದರೆ 1,760ರಿಂದ 2,000 ಮರದ ಸ್ಲೀಪರುಗಳು ಬೇಕಾಗುತ್ತಿದ್ದುವು. ಮಳೆ, ಬಿಸಿಲು, ಗೆದ್ದಲಿಗೆ ಸಿಕ್ಕಿ ಅವು ಕೆಲವೇ ವರ್ಷಗಳಲ್ಲಿ ಕುಂಬಾಗಿ, ಬದಲಾಯಿಸಬೇಕಾಗುತ್ತಿತ್ತು. ಎಂಜಿನಿನ ಒಲೆಗೂ ಸೌದೆಯೇ. ಇದರ ಮೇಲೆ ಹಡಗು ಕಟ್ಟೆಗಳಿಗೆ ತೇಗ ಬೇಕು. ಹೀಗೇ ಬಿಟ್ಟರೆ ಕಾಡು ಉಳಿಯದೆಂದು ಸರಕಾರಕ್ಕೆ ಅರಿವಾಯಿತು. ಮದರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್ ಅವರು ಅರಣ್ಯ ಇಲಾಖೆಯೊಂದನ್ನು ಕಟ್ಟುವ ಹೊಣೆಯನ್ನು ಕ್ಲೆಗ್‌ಹಾರ್ನರಿಗೆ ಒಪ್ಪಿಸಿದರು. 1856ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಅವರು ವೈದ್ಯ ವೃತ್ತಿಯನ್ನು ಬದಿಗಿಟ್ಟು ಅರಣ್ಯ ಸಂರಕ್ಷಣಾಧಿಕಾರಿಯಾದರು.

ಗಿಡದ ಹೆಸರು ಬಲ್ಲವನು ಕಾಡು ಕಾಯಬಲ್ಲವನೆಂದು ನಾವು ತಿಳಿದರೆ ತಪ್ಪು. ಯಾವ ಮರವನ್ನು ಎಷ್ಟು ದಪ್ಪವಾದಾಗ ಕಡಿಯಬೇಕು, ಯಾವ ತಿಂಗಳಲ್ಲಿ ಕಡಿದರೆ ಹುಳ ಹಿಡಿಯದು, ದಿಮ್ಮಿಯನ್ನು ಗುಡ್ಡೆಯಿಂದ ಹೊಳೆಗೆ ಇಳಿಸುವುದು ಹೇಗೆ, ಬೀಜ ಯಾವಾಗ ಆರಿಸಬೇಕು, ಬೆಂಕಿ ತಡೆಯುವುದು ಹೇಗೆ, ಗುತ್ತಿಗೆದಾರನ ಲೆಕ್ಕ ನೋಡುವುದು ಹೇಗೆ ಎಂಬುದೆಲ್ಲ ಬೇರೆಯೇ ವಿದ್ಯೆ. ಕ್ಲೆಗ್‌ಹಾರ್ನರು ಇದನ್ನು ತಿರುಗಾಟದಲ್ಲಿ ಕಲಿತರು. ಉತ್ತರ ಕನ್ನಡದ ಸೂಪ, ದಾಂಡೇಲಿ, ಯಲ್ಲಾಪುರದ ಕಾಡುಗಳಿಂದ ಹಿಡಿದು ವಯನಾಡು, ನೀಲಗಿರಿ, ಆನೆಮಲೆಗಳ ತನಕ ಅವರ ಸಂಚಾರ ನಡೆಯಿತು. ನಿಲಂಬೂರಿನ ತೇಗದ ತೋಟ ಅವರಿಗೊಂದು ಪಾಠಶಾಲೆಯಾಯಿತು. ಮಲಬಾರಿನ ಕಲೆಕ್ಟರ್ ಕೊನೊಲಿ 1840ರ ದಶಕದಲ್ಲಿ ಆರಂಭಿಸಿದ ತೋಟವದು. ಮೊದಮೊದಲು ತೇಗದ ಬೀಜ ಮೊಳೆಯದೆ ಕೆಲಸ ಸೋತಾಗ, ಅದನ್ನು ದಡ ಹತ್ತಿಸಿದವರು ಚಾತು ಮೇನೋನ್ ಎಂಬ ಅಲ್ಲಿನವರೇ ಆದ ಅಧಿಕಾರಿ. ಅವರ ಕೈಯಿಂದ ಲಕ್ಷಗಟ್ಟಲೆ ಸಸಿಗಳು ಎದ್ದುವು.

ತಮ್ಮಂತೆಯೇ ಬೇರೆ ಕೆಲಸದಿಂದ ಬಂದವರನ್ನು ಕ್ಲೆಗ್‌ಹಾರ್ನರು ಸಹಾಯಕರಾಗಿ ಆರಿಸಿಕೊಂಡರು. ಅವರಲ್ಲಿ ರಿಚರ್ಡ್ ಬೆಡ್ಡೋಮ್ ಮುಖ್ಯರು. ಸೈನ್ಯದ ಅಧಿಕಾರಿಯಾಗಿದ್ದ ಬೆಡ್ಡೋಮ್ ಕಾಡಿಗೆ ಬಂದು ಸಸ್ಯಗಳನ್ನೂ ಹಾವು ಕಪ್ಪೆಗಳನ್ನೂ ಅಭ್ಯಾಸ ಮಾಡಿ ದೊಡ್ಡ ವಿದ್ವಾಂಸರೆನಿಸಿದರು. ಕ್ಲೆಗ್‌ಹಾರ್ನರ ತರುವಾಯ ಮದರಾಸಿನ ಅರಣ್ಯ ಇಲಾಖೆಯನ್ನು ನಡೆಸಿದವರೂ ಅವರೇ. ಬೆಂಗಳೂರಿನ ಲಾಲ್‌ಬಾಗ್ ತೋಟ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾದುದರ ಹಿಂದೆಯೂ ಕ್ಲೆಗ್‌ಹಾರ್ನರ ಸಲಹೆ ಇತ್ತು. ಐದು ವರ್ಷಗಳ ಅನುಭವವನ್ನೆಲ್ಲ ಸೇರಿಸಿ 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಬಗ್ಗೆ ಅವರು ಒಂದು ಗ್ರಂಥವನ್ನು ಪ್ರಕಟಿಸಿದರು. ಮುಂದೆ ಅರಣ್ಯ ಇಲಾಖೆಗೆ ಸೇರಿದವರಿಗೆ ಅದೇ ಕೈಪಿಡಿಯಾಯಿತು.

ಇನ್ನು ನಮ್ಮ ಗುಡ್ಡೆಗಳ ಮಾತಿಗೆ ಬರೋಣ. ಆಗ ಕಾಸರಗೋಡು ಬೇಕಲ ತಾಲೂಕಿಗೆ ಸೇರಿತ್ತು. ಬೇಕಲ ತಾಲೂಕು ಕನ್ನಡ ಜಿಲ್ಲೆಗೆ, ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ. ಘಟ್ಟದ ಬುಡದ ಮಲೆಕುಡಿಯರು, ಕುಡುಬಿಯರು, ಮರಾಟಿಗಳು ಮೊದಲಾದವರಿಗೆ ಕುಮೇರಿಯೇ ಅನ್ನದ ದಾರಿ. ಮಳೆ ಮುಗಿದ ಮೇಲೆ ಒಂದು ತುಂಡು ಕಾಡು ಕಡಿದು, ಬೇಸಗೆಯಲ್ಲಿ ಸುಟ್ಟು, ಮೊದಲ ಮಳೆಗೆ ರಾಗಿ ಮೊದಲಾದ ಧಾನ್ಯ ಬಿತ್ತುವರು. ಒಂದೆರಡು ಬೆಳೆ ತೆಗೆದು ಆ ಜಾಗವನ್ನು ಬಿಟ್ಟು ಬೇರೆಡೆಗೆ ಹೋಗುವರು. ಕಾಡು ಮತ್ತೆ ಬೆಳೆದ ಮೇಲೆ ವರ್ಷಗಳ ನಂತರ ಅಲ್ಲಿಗೇ ಮರಳುವರು. ಬೇಕಲ ಸೀಮೆಯಲ್ಲಂತೂ ಕುಮೇರಿಯನ್ನು ರೈತನ ವರ್ಗಕ್ಕೆ ಸೇರಿದ್ದೆಂದೇ ಎಣಿಸುವ ವಾಡಿಕೆಯಿತ್ತು. ವರ್ಗ ಕುಮೇರಿ ಎಂಬ ಮಾತು ಬಂದುದು ಹೀಗೆ.

ಕ್ಲೆಗ್‌ಹಾರ್ನರ ದೃಷ್ಟಿಯಲ್ಲಿ ಇದು ಕಾಡಿನ ಶತ್ರು. ಒಂದು ಮುಡಿ ಧಾನ್ಯಕ್ಕಾಗಿ ನೂರು ವರ್ಷದ ಮರಗಳು ಬೂದಿಯಾಗುವುದನ್ನು ಅವರು ಸಹಿಸಲಿಲ್ಲ. ಅವರ ಒತ್ತಾಯದ ಫಲವಾಗಿ 1860ರಲ್ಲಿ ಮದರಾಸು ಸರಕಾರವು ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮೇರಿ ಮಾಡಕೂಡದೆಂದು ವಿಧಿಸಿತು. ಕಾಡಿಗೆ ಇದರಿಂದ ಉಪಕಾರವಾಗಲಿಲ್ಲವೆಂದು ನಾವು ಹೇಳಲಾರೆವು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಮೈಲಿಗಟ್ಟಲೆ ಹಳಿಗೆ ಮರ ಕಡಿದವರ ಕೊಡಲಿ ಲೆಕ್ಕಪತ್ರದೊಳಗೆ ಸೇರಿ ಶಾಸ್ತ್ರವೆನಿಸಿತು. ಹೊಟ್ಟೆಗಾಗಿ ಕಡಿದವನ ಕತ್ತಿ ಅಪರಾಧವಾಯಿತು. ಕುಮೇರಿ ಬಿಟ್ಟವರಿಗೆ ಗದ್ದೆ ಕೊಡುವವರಿರಲಿಲ್ಲ. ಕೂಲಿಯೇ ಅವರಲ್ಲಿ ಬಹಳ ಮಂದಿಗೆ ಗತಿಯಾಯಿತು. ಸಾಕಷ್ಟು ವರ್ಷ ಬಿಡುವು ಕೊಟ್ಟರೆ ಕುಮೇರಿಯ ಜಾಗದಲ್ಲಿ ಕಾಡು ತಿರುಗಿ ಬೆಳೆಯುತ್ತದೆ, ಬಿಡುವು ಕಡಿಮೆಯಾದಾಗಲೇ ಮಣ್ಣು ಕೆಡುತ್ತದೆ ಎಂಬುದನ್ನು ಇಂದಿನ ವಿಜ್ಞಾನ ಒಪ್ಪುತ್ತದೆ. ಕಾಡಿನಲ್ಲಿ ಬಾಳಿದವರ ಹಕ್ಕನ್ನು ಭಾರತದ ಸಂಸತ್ತು ಕಾನೂನಿನಿಂದ ಮನ್ನಿಸಿದ್ದು 2006ರಲ್ಲಿ. 1860ರಿಂದ ಲೆಕ್ಕ ಹಾಕಿದರೆ 146 ವರ್ಷಗಳು!

ನೀಲಗಿರಿಯಲ್ಲಿಯೂ ಇಂಥದೇ ಒಂದು ಕತೆ. ಉದಕಮಂಡಲದ ಸೌದೆಯ ಬರ ನೀಗಲು ಆಸ್ಟ್ರೇಲಿಯದ ಮರಗಳನ್ನು ಬೆಳೆಸುವುದಕ್ಕೆ ಕ್ಲೆಗ್‌ಹಾರ್ನರು ಬೆಂಬಲವಿತ್ತರು. ಶೋಲಾ ಕಾಡಿನ ಮೇಲಿನ ಕೊಡಲಿಯನ್ನು ತಪ್ಪಿಸುವುದಕ್ಕೆ ಅಂದು ಅದೇ ದಾರಿಯಾಗಿ ಕಂಡಿತು. ಅದೇ ಮರಗಳು ಮುಂದೆ ಹಬ್ಬಿ ಮಲೆಯ ಹುಲ್ಲುಗಾವಲನ್ನು ನುಂಗಿದುದನ್ನು ಇಂದಿನ ತಜ್ಞರು ತೋರಿಸಿಕೊಟ್ಟಿದ್ದಾರೆ.

ದಕ್ಷಿಣದಲ್ಲಿ ಇಲಾಖೆ ನೆಲೆಗೊಂಡ ಮೇಲೆ ಸರಕಾರ ಕ್ಲೆಗ್‌ಹಾರ್ನರನ್ನು ಪಂಜಾಬಿಗೆ ಕರೆಯಿತು. ಹಿಮಾಲಯದ ದೇವದಾರು ಕಾಡುಗಳನ್ನು ಅವರು ಕಣಿವೆ ಕಣಿವೆಯಾಗಿ ನೋಡಿ 1864ರಲ್ಲಿ ವರದಿ ಕೊಟ್ಟರು. ಅದೇ ವರ್ಷ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಇಡೀ ಭಾರತದ ಅರಣ್ಯಗಳ ಮಹಾ ಅಧಿಕಾರಿಯಾದಾಗ ಅವರ ಜತೆಗೆ ನಿಂತು ಕೆಲಸ ಮಾಡಿದರು. ಬ್ರಾಂಡಿಸ್ ಕೂಡ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದು ಕಾಡಿಗೆ ಬಂದವರೇ. ಭಾರತದಲ್ಲಿ ಅರಣ್ಯ ಸಂರಕ್ಷಣೆಗೆ ಬುನಾದಿ ಹಾಕಿದವರು ಕ್ಲೆಗ್‌ಹಾರ್ನರೆಂದು ಸರಕಾರ 1865ರಲ್ಲಿ ಅಧಿಕೃತವಾಗಿ ಮನ್ನಿಸಿತು.

ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಮೇಲೂ ಅವರು ಸುಮ್ಮನಿರಲಿಲ್ಲ. ಭಾರತದ ಅರಣ್ಯ ಸೇವೆಗೆ ತರುಣರನ್ನು ಆರಿಸುವ ಕೆಲಸದಲ್ಲಿ ನೆರವಾದರು. ಕಾಡಿನ ವಿದ್ಯೆಯನ್ನು ಕಲಿಸುವ ಶಾಲೆ ತಮ್ಮ ದೇಶದಲ್ಲಿ ಇಲ್ಲದೆ, ಆಯ್ಕೆಯಾದವರು ಫ್ರಾನ್ಸ್ ಮತ್ತು ಜರ್ಮನಿಗೆ ಹೋಗಬೇಕಾಗಿದ್ದ ಕೊರತೆ ಅವರ ಮನಸ್ಸನ್ನು ಕೊರೆಯುತ್ತಿತ್ತು. ಗುರುವಿಲ್ಲದೆ ಕಲಿತವನಿಗೆ ಗುರುವಿನ ಬೆಲೆ ಗೊತ್ತಿರುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಅಧ್ಯಾಪನ ಆರಂಭವಾಗಬೇಕೆಂದು ಅವರು ದುಡಿದರು. 1889ರಲ್ಲಿ ಅದು ಕೈಗೂಡಿತು. ಅಷ್ಟರಲ್ಲಿ ಭಾರತದಲ್ಲೇ ಡೆಹ್ರಾಡೂನಿನಲ್ಲಿ 1878ರಿಂದ ಅರಣ್ಯ ಶಾಲೆ ನಡೆಯುತ್ತಿತ್ತು. ನಮ್ಮ ದಕ್ಷಿಣಕ್ಕೆ ಕೊಯಮುತ್ತೂರಿನ ಅರಣ್ಯ ಕಾಲೇಜು 1912ರಲ್ಲಿ ಬಂತು. 1895ರ ಮೇ 16ರಂದು, ಬಾಲ್ಯ ಕಳೆದ ಸ್ಟ್ರಾವಿಥಿಯಲ್ಲೇ ಕ್ಲೆಗ್‌ಹಾರ್ನರು ತೀರಿಕೊಂಡರು.

ಅವರು ಬರೆಯಿಸಿದ ಗಿಡಗಳ ಚಿತ್ರಗಳು ಎಡಿನ್‌ಬರೋದ ರಾಜ ಸಸ್ಯೋದ್ಯಾನದಲ್ಲಿ ಇಂದಿಗೂ ಭದ್ರವಾಗಿವೆ. ಮದರಾಸಿನಲ್ಲಿ ಚಿತ್ರ ಬರೆದ ಗೋವಿಂದು ಎಂಬವರ ಹೆಸರು ಉಳಿದಿದೆ. ಶಿವಮೊಗ್ಗದಲ್ಲಿ ಬರೆದವರ ಹೆಸರು ಉಳಿದಿಲ್ಲ. ಕಾಡಿನಲ್ಲಿ ಮುಂದೆ ನಡೆದು ದಾರಿ ತೋರಿದವರ, ಮರದ ಗುಣ ಹೇಳಿಕೊಟ್ಟವರ ಹೆಸರುಗಳೂ ಹಾಗೆಯೇ.

ಮೂವತ್ತಾರು ದಾಟಿದ ಮೇಲೂ ಹೊಸ ವಿದ್ಯೆಗೆ ಕೈ ಹಾಕಿ ಅದರಲ್ಲಿ ಪಳಗಬಹುದೆಂಬುದಕ್ಕೆ ಕ್ಲೆಗ್‌ಹಾರ್ನರ ಬಾಳು ಸಾಕ್ಷಿ. ಮರದ ಮಾತನ್ನು ಅವರು ಚೆನ್ನಾಗಿ ಕಲಿತರು. ಮರದಡಿಯ ಜನರ ಮಾತನ್ನು ಅಷ್ಟು ಕಲಿಯಲಿಲ್ಲ. ಇಂದು ಕಾಡು ಕಾಯುವ ಕೆಲಸಕ್ಕೆ ಹೊರಡುವ ನಮ್ಮ ಊರಿನ ತರುಣ ತರುಣಿಯರು ಮೊದಲನೆಯ ಪಾಠವನ್ನು ಕಾಲೇಜಿನಲ್ಲಿ ಕಲಿಯಬಹುದು. ಎರಡನೆಯ ಪಾಠಕ್ಕೆ ಅಡೂರಿನ ಆಚೆಯ ಗುಡ್ಡೆ ಹತ್ತಿ, ಅಲ್ಲಿನ ಹಿರಿಯರ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕು.