ಕುಳಿತೇ ಸಾಗರ ದಾಟಿದ ಫ್ರಾಂಜ್ ರೋಮರ್

ಕಳೆದ ವರ್ಷ ಕಾಲೇಜಿಗೆ ಸೇರಿದ ಮೊದಲ ವಾರ ಅಕೌಂಟೆನ್ಸಿ ಏನೂ ಅರ್ಥವಾಗದೆ, ಬಿಟ್ಟುಬಿಡುತ್ತೇನೆ ಎಂದು ಅಮ್ಮಿಯ ಮುಂದೆ ಅತ್ತಿದ್ದೆ. ಆ ದಿನಗಳಲ್ಲೇ ಫ್ರಾಂಜ್ ರೋಮರ್ ಬಗ್ಗೆ ಓದಿದೆ.

ರೋಮರ್ ಜರ್ಮನಿಯವರು, ಹಡಗುಗಳಲ್ಲಿ ದುಡಿದು ಸಮುದ್ರವನ್ನು ಬಲ್ಲವರು. 1928ರಲ್ಲಿ ಮಡಚುವ ಕಯಾಕ್‌ನಲ್ಲಿ ಒಬ್ಬರೇ ಅಟ್ಲಾಂಟಿಕ್ ಸಾಗರ ದಾಟಲು ಹೊರಟರು. ಮರದ ಚೌಕಟ್ಟಿಗೆ ರಬ್ಬರ್ ಬಳಿದ ಬಟ್ಟೆ ಹೊದಿಸಿದ ಪುಟ್ಟ ದೋಣಿ ಅದು. ಹುಟ್ಟಿನ ಜೊತೆ ಸಣ್ಣ ಹಾಯಿಯೂ ಇತ್ತು. ಪೋರ್ಚುಗಲ್‌ನಿಂದ ಕ್ಯಾನರಿ ದ್ವೀಪಗಳಿಗೆ ಬಂದು, ಜೂನ್ ಆರಂಭದಲ್ಲಿ ಲಾಸ್ ಪಾಲ್ಮಾಸ್‌ನಿಂದ ಮುಂದೆ ಹೊರಟರು.

ಆಮೇಲೆ ಸುತ್ತಲೂ ನೀರೇ ನೀರು. ದೋಣಿಯಲ್ಲಿ ಮಲಗಲು ಜಾಗವಿಲ್ಲ. ಕುಳಿತೇ ತಿನ್ನಬೇಕು, ಕುಳಿತೇ ಕಣ್ಣು ಮುಚ್ಚಬೇಕು. ಅಲೆ ಬಡಿದಾಗಲೆಲ್ಲ ಎಚ್ಚರ. ಉಪ್ಪುನೀರಿನಲ್ಲಿ ನೆನೆದು ಮೈಯೆಲ್ಲ ಹುಣ್ಣು. ಹಿಂದಿರುಗೋಣವೆಂದರೆ ಗಾಳಿಯೂ ಪ್ರವಾಹವೂ ಪಶ್ಚಿಮಕ್ಕೇ ತಳ್ಳುತ್ತವೆ. ಹೀಗೆ 58 ದಿನ ಕಳೆದು, ಜುಲೈ ಕೊನೆಗೆ ಕೆರಿಬಿಯನ್‌ನ ಸೇಂಟ್ ಥಾಮಸ್ ದ್ವೀಪ ತಲುಪಿದರು. ಕಯಾಕ್‌ನಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದ ಮೊದಲಿಗರೆಂದು ಹೆಸರಾದರು.

ಆದರೆ ಅವರ ಗುರಿ ನ್ಯೂಯಾರ್ಕ್. ಚಂಡಮಾರುತಗಳ ಕಾಲವಾದ ಸೆಪ್ಟೆಂಬರ್‌ನಲ್ಲಿ ಪೋರ್ಟೊರಿಕೊದಿಂದ ಮತ್ತೆ ಹೊರಟರು. ಆಮೇಲೆ ಅವರ ಸುಳಿವೇ ಸಿಗಲಿಲ್ಲ.

ಇದನ್ನು ಹೇಳಿದಾಗ, ಎಲ್ಲಿ ನಿಲ್ಲಬೇಕೆಂದೂ ಗೊತ್ತಿರಬೇಕು ಬೇಟಿ ಎಂದರು ಅಬ್ಬು. ಅದು ನಿಜ. ಆದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ಅವರ ಮೊದಲ ದಿನಗಳು. ದಡ ಕಾಣುವುದಿಲ್ಲ, ಆದರೂ ಇವತ್ತಿನ ಹುಟ್ಟು ಹಾಕಲೇಬೇಕು.

ನಾನು ಕಾಲೇಜು ಬಿಡಲಿಲ್ಲ. ಮೂರನೇ ತಿಂಗಳಲ್ಲಿ ನನ್ನ ಟ್ರಯಲ್ ಬ್ಯಾಲೆನ್ಸ್ ಮೊದಲ ಸಲ ತಾಳೆಯಾಯಿತು. ಈ ವರ್ಷ ಹೊಸದಾಗಿ ಸೇರಿದ ತಂಗಿಯರೇ, ತಮ್ಮಂದಿರೇ, ಮೊದಲ ವಾರ ನೋಡಿ ಹೆದರಬೇಡಿ.